ಬಾಳೆ ಮೀನಿಗೆ ಬೇಕಾದ ಎರೆ

ಇವತ್ತು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಕೂಡುರಸ್ತೆಯ ಹಂದಿ ಮಾಂಸದ ಅಂಗಡಿಯವನು ಹಿತ್ತಲಿನ ಗುಂಡಿಗೆ ಒಂದು ಬಕೆಟ್ ಕರುಳು ಸುರಿದ. ಆಗಷ್ಟೇ ಕಡಿದ ಹಂದಿಯದು, ಇನ್ನೂ ಹಬೆಯಾಡುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹೆಗಲ ಮೇಲಿನ ವೇಲನ್ನು ಬಿಗಿಯಾಗಿ ಹಿಡಿದುಕೊಂಡಿತು...

ಆ ಅಂಗಡಿ ಮೊದಲು ನಮ್ಮ ಪಕ್ಕದ ಮನೆಯವರದಾಗಿತ್ತು. ಸಂಬಂಧವೇನೂ ಇರಲಿಲ್ಲ, ಆದರೂ ನಾನು ಅವರನ್ನು ಮಾವ ಎಂದು ಕರೆಯುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ ಎಂದು. ಮಾವ ಭಾನುವಾರ ಹಂದಿ ಕಡಿಯುತ್ತಿದ್ದರು, ಉಳಿದ ದಿನ ಯಾರೊಂದಿಗಾದರೂ ಜಗಳಕ್ಕೆ ನಿಲ್ಲುತ್ತಿದ್ದರು. ಕೋಪ ಬಂದರೆ ಕತ್ತಿಯನ್ನು ಮಾಂಸದ ದಿಮ್ಮಿಗೆ ಹೊಡೆದು ನಿಲ್ಲಿಸಿ ಮಾತು ಶುರುಮಾಡುತ್ತಿದ್ದರು. ಕತ್ತಿಯ ನಡುಕ ನಿಲ್ಲುವವರೆಗೆ ಎದುರಿಗಿದ್ದವನು ಬಾಯಿ ತೆರೆಯುತ್ತಿರಲಿಲ್ಲ. ನನಗೂ ಬೈಗುಳವೇ ಸಿಗುತ್ತಿತ್ತು, ಆದರೆ ಅದರ ಜೊತೆಗೆ ಬಾಳೆ ಎಲೆಯಲ್ಲಿ ಕಟ್ಟಿದ ಒಳ್ಳೆಯ ಮಾಂಸವೂ ಸಿಗುತ್ತಿತ್ತು.

ಅವರ ಮನೆಯ ಹಿಂದೆ ಹೊಳೆ ತಿರುಗುವಲ್ಲಿ ಒಂದು ಆಳವಾದ ಮಡು. ಅತ್ತೆ ತಮ್ಮ ಬಾತುಕೋಳಿಗಳನ್ನು ಅಲ್ಲೇ ಬಿಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಮರಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ನೀರುನಾಯಿ ಇರಬೇಕು ಅಂದುಕೊಂಡೆವು. ಆಮೇಲೆ ಒಂದು ಸಂಜೆ, ನಾವು ಮೂವರೂ ದಡದಲ್ಲಿ ನಿಂತಿದ್ದಾಗಲೇ ನೀರು ಸೀಳಿತು. ಉದ್ದನೆಯ ಮೀಸೆ, ಕೆನ್ನೆ ಹರಿದಂತೆ ಹಿಂದಕ್ಕೆ ಹೋದ ಬಾಯಿ, ಮುಳ್ಳು ಹಾಸಿದಂಥ ಹಲ್ಲುಗಳು. ಬಾಳೆ ಮೀನು. ಈ ಸಲ ಅದು ತಾಯಿ ಬಾತಿನ ಕಾಲಿಗೇ ಬಾಯಿ ಹಾಕಿತ್ತು. ಬಾತು ರೆಕ್ಕೆ ಬಡಿಯಿತು, ಕಿರುಚಿತು, ಮುಳುಗಿ ಎದ್ದಿತು, ಮತ್ತೆ ಮುಳುಗಿತು. ಆಮೇಲೆ ಮೇಲೆ ಬಂದದ್ದು ಪುಕ್ಕ ಮಾತ್ರ.

"ಹಂದಿ ಕಡಿವ ಗಂಡ್ಸ್!" ಎಂದರು ಅತ್ತೆ. "ಒಂದ್ ಮೀನ್ ಹಿಡಿಕೆ ಆದಿಲ್ಲೆ ನಿಮ್ಗೆ."

ಮಾವ ಮರುದಿನವೇ ದಪ್ಪ ನೈಲಾನ್ ದಾರ, ಬೆರಳುದ್ದದ ಗಾಳ ತಂದರು. ಮಳೆ ಹಿಡಿದು ಹೊಳೆ ತುಂಬಿದರೆ ಮೀನು ಮಡು ಬಿಟ್ಟು ಹೋಗುತ್ತದೆ, ಅದಕ್ಕೆ ಮೊದಲು ಅದನ್ನು ಕೊಲ್ಲಲೇಬೇಕು ಎಂಬುದು ಅವರ ಹಠ. ಊಟಕ್ಕಲ್ಲ, ಮಾರುವುದಕ್ಕೂ ಅಲ್ಲ... ಕೊಲ್ಲುವುದಕ್ಕೆ.

ನಾನು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ತೆಗೆಯುವುದು ಕೆಲಸ, ರಾತ್ರಿ ದಿನಚರಿ ಬರೆಯುವುದು ಅಭ್ಯಾಸ. ಹೀಗಾಗಿ ಯಾವ ದಿನ ಯಾವ ಎರೆ ಹಾಕಿದರು ಎಂಬುದೂ ನನ್ನ ಬರಹಕ್ಕೆ ಸೇರಿತು. ಎರೆಹುಳು ಸಣ್ಣ ಮೀನುಗಳ ಪಾಲಾಯಿತು. ಕೋಳಿಯ ಲಿವರ್ ನೀರಿನಲ್ಲಿ ಕರಗಿ ಹೋಯಿತು. ಬೆನ್ನಿಗೆ ಗಾಳ ಚುಚ್ಚಿ ಬಿಟ್ಟ ಕಪ್ಪೆ ಕಲ್ಲಿನಡಿಗೆ ಹೋಗಿ ಕೂತುಬಿಟ್ಟಿತು. ಗದ್ದೆ ಏಡಿಯ ಕಾಲುಗಳನ್ನು ಯಾವುದೋ ಮೀನು ಕಿತ್ತುಕೊಂಡು ಹೋಯಿತು. ಯಾರೋ ಹೇಳಿದರೆಂದು ಬಟ್ಟೆ ಸೋಪಿನ ತುಂಡನ್ನೂ ಹಾಕಿ ನೋಡಿದರು.

"ಹುಳಕ್ಕೂ ಹಾಜರಿ ಹಾಕಿಯಾ ಗೂಡೆ?" ಎಂದು ನನ್ನನ್ನು ಕೆಣಕಿದರು. ನಮ್ಮ ಕಡೆ ಹುಡುಗಿಯನ್ನು ಹಾಗೇ ಕರೆಯುವುದು.

"ಹುಳ ಎಲ್ಲ ಹಾಜರ್ ಉಟ್ಟು ಮಾವ. ನಿಮ್ಮ ಬಾಳೆ ಒಂದೇ ರಜೆ."

ಕೊನೆಗೆ ಅವರ ನಂಬಿಕೆ ನಿಂತದ್ದು ಹಂದಿ ಕರುಳಿನ ಮೇಲೆ. ಅದನ್ನು ತೊಳೆಯಬಾರದು, ಡಬ್ಬಿಯಲ್ಲಿ ಮುಚ್ಚಿಟ್ಟು ಹುಳಿ ಬರಿಸಬೇಕು, ನೊಣ ಬಂದು ಕೂತು ಏಳದಷ್ಟು ನಾರಬೇಕು ಎನ್ನುತ್ತಿದ್ದರು. ಮೂಗಿಗೆ ಹಿಡಿದು ನೋಡಿಯೇ ಎಷ್ಟು ದಿನದ್ದು ಎಂದು ಹೇಳುತ್ತಿದ್ದರು. ಈ ಎರೆಗೆ ಬಾಳೆ ಎರಡು ಸಲ ಬಾಯಿ ಹಾಕಿ ಉಗುಳಿತು. ಇನ್ನೊಂದು ದಿನ ಹುಳಿ ಬರಬೇಕಿತ್ತು ಎಂದು ತೀರ್ಮಾನಿಸಿದರು. ಆದರೆ ಕರುಳು ಮುಗಿದಿತ್ತು. ನಾಯಿಗೆ ಬೇಕು ಎಂದು ಕೇಳಿದವರಿಗೆಲ್ಲ ಅಂಗಡಿಯಿಂದ ಪುಕ್ಕಟೆ ಕೊಟ್ಟುಬಿಡುತ್ತಿದ್ದರು.

ಆ ಸಂಜೆ ನಾವಿಬ್ಬರೂ ಮಡುವಿಗೆ ಇಳಿಯುತ್ತಿದ್ದಾಗ ದಾರಿ ಬದಿಯ ಕೆಸುವಿನ ಬುಡದಲ್ಲಿ ಹಸಿರು ಪ್ಲಾಸ್ಟಿಕ್ ದಾರ ಸುತ್ತಿದ ಒಂದು ಕರುಳಿನ ಉಂಡೆ ಬಿದ್ದಿತ್ತು. ನೊಣ ಮುತ್ತಿತ್ತು. ಯಾರೋ ಗಾಳದವರು ಮರೆತು ಹೋದದ್ದೆಂದು ಮಾವ ಬಗ್ಗಿ ಎತ್ತಿಕೊಂಡರು. ಮೂಗಿಗೆ ಹಿಡಿದರು. ಅವರ ಮುಖ ಅರಳಿತು.

"ಹೀಂಗಿರೋಕು ಎರೆ!" ಎಂದರು.

ಕಾಡುಹಂದಿ ಕಚ್ಚಿದರೆ ಸಿಡಿಯಲೆಂದು ಕರುಳಿನೊಳಗೆ ಮದ್ದು ತುಂಬಿ ಕೆಲವರು ಕದ್ದು ಇಡುತ್ತಾರೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಾವನಿಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವರಿಗೆ ಕಂಡದ್ದು ಎರೆ ಮಾತ್ರ. ಉಂಡೆಯನ್ನು ಬಲಗೈಯಲ್ಲಿ ಹಿಸುಕಿ ಹಿಡಿದು ಎಡಗೈಯಿಂದ ಗಾಳ ಚುಚ್ಚಿದರು. ಮೊನೆ ಒಳಗೆ ಏನಕ್ಕೋ ತಾಗಿತು...

ಸದ್ದು ನನಗೆ ನೆನಪಿಲ್ಲ. ಕಿವಿ ಕಿವುಡಾಗಿತ್ತು. ಹೊಗೆ ಇಳಿದಾಗ ಅವರು ನಿಂತೇ ಇದ್ದರು. ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿತ್ತು, ಅಂಗೈ ಇದ್ದಲ್ಲಿ ಬಿಳಿ ಮೂಳೆ ಕಾಣುತ್ತಿತ್ತು. ಕೆಸುವಿನ ಎಲೆಗಳ ಮೇಲೆ ಅವರ ರಕ್ತವೂ ಹಂದಿಯ ಕರುಳೂ ಒಟ್ಟಿಗೆ ಅಂಟಿದ್ದವು. ನನ್ನ ವೇಲನ್ನು ಅವರ ಮಣಿಕಟ್ಟಿಗೆ ಸುತ್ತಿ, ಕೋಲು ತುರುಕಿ ತಿರುಚಿ ಬಿಗಿದೆ. ಅಷ್ಟಾದ ಮೇಲೆ ಅವರು ಕಿರುಚಿದರು.

ಮಡಿಕೇರಿಗೆ ಹೋಗುವ ಜೀಪಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಉಂಡೆಗೆ ಸುತ್ತಿದ್ದ ಆ ಹಸಿರು ದಾರ ಅವರ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದದ್ದೇ ಆಗಿತ್ತು. ಅದನ್ನು ಅವರೂ ನೋಡಿದ್ದರು.

"ಯಾರಿಗೆ ಕೊಟ್ಟದ್ದ್ ಮಾವ?"

"ಯಾರಿಗೆ ಕೊಟ್ಟಿಲ್ಲೆ ಕೇಳ್..." ಎಂದು ಕಣ್ಣು ಮುಚ್ಚಿದರು.

ಪೊಲೀಸರು ಬಂದು ಕೇಳಿದಾಗಲೂ ಅದಕ್ಕಿಂತ ಹೆಚ್ಚಿನದು ಅವರ ಬಾಯಿಂದ ಬರಲಿಲ್ಲ. ಮಳೆಗಾಲ ಕಳೆಯಿತು. ಅಂಗಡಿಯಲ್ಲಿ ಕಡಿಯುವುದಕ್ಕೆ ಆಳು ಇಟ್ಟರು. ಕರುಳನ್ನು ಯಾರಿಗೂ ಕೊಡದೆ ಸೀಮೆಎಣ್ಣೆ ಸುರಿದು ಸುಡಿಸುತ್ತಿದ್ದರು. ಮೀನಿನ ಮಾತು ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಬೇಸಿಗೆಗೆ ಅತ್ತೆ ಮತ್ತೆ ಬಾತು ಸಾಕಿದರು, ಮಡುವಿನಲ್ಲಿ ಮರಿಗಳು ಮತ್ತೆ ಕಾಣೆಯಾದವು. ಹೋದ ಕೈಗೂ ಆ ಮೀನೇ ಕಾರಣ ಎಂಬಂತೆ ಮಾವ ಎದ್ದು ಕೂತರು.

"ಎಂತ ಎರೆ ಹಾಕಿಯರಿ?" ಎಂದು ಕೇಳಿದೆ.

"ಅದ್ ಎಂತ ತಿಂದದೆ? ನಾವು ಕುರುಡ್ರು ಗೂಡೆ." ಎಡಗೈಯನ್ನು ಗೂಡಿಗೆ ಹಾಕಿ ಒಂದು ಬಾತಿನ ಮರಿಯನ್ನು ಎಳೆದರು. ಅತ್ತೆ ಅಡ್ಡ ಬಂದು ಅವರ ಬೆನ್ನಿಗೆ ಗುದ್ದಿದರು, ಶಾಪ ಹಾಕಿದರು, ಅತ್ತರು. ಮಾವ ತಿರುಗಿ ನೋಡಲಿಲ್ಲ. ಯಾವ ಮರಿಗಳನ್ನು ಉಳಿಸಲು ಈ ಯುದ್ಧ ಶುರುವಾಗಿತ್ತೋ ಅವುಗಳಲ್ಲೇ ಒಂದನ್ನು ಮೊಂಡುಗೈಯಿಂದ ಮಂಡಿಗೆ ಒತ್ತಿ ಹಿಡಿದು, ಅದರ ರೆಕ್ಕೆಯ ಬುಡಕ್ಕೆ ಗಾಳ ಪೋಣಿಸಿ ನೀರಿಗೆ ಬಿಟ್ಟರು.

ಮರಿ ಒಂದೇ ಕಡೆಗೆ ವಾಲುತ್ತ, ಕೂಗುತ್ತ ಈಜಿತು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಮಡು ಬಾಯಿ ತೆರೆದಂತಾಯಿತು, ಕೂಗು ನಿಂತಿತು. ದಾರ ಬಿಗಿಯಾಯಿತು.

ದಾರ ಜಾರಬಾರದೆಂದು ಮಾವ ಅದನ್ನು ಎಡ ಮಣಿಕಟ್ಟಿಗೆ ಸುತ್ತಿಕೊಂಡಿದ್ದರು. ಬಿಡಿಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಮೀನು ಆಳಕ್ಕೆ ಎಳೆದಾಗ ದಾರ ಚರ್ಮ ಕೊಯ್ದು ಒಳಗೆ ಇಳಿಯಿತು. ಅವರು ಮಂಡಿಯೂರಿದರು, ಜಾರಿದರು, ಸೊಂಟದವರೆಗೆ ನೀರಿಗೆ ಹೋದರು. ನಾನು ಹಿಂದಿನಿಂದ ಅಂಗಿ ಹಿಡಿದೆ, ಅಂಗಿ ಹರಿಯಿತು. ನೀರು ಎದೆಗೆ ಬಂತು. ಒಂದು ಸಲ ಮೀನು ಮೇಲೆದ್ದು ಬಾಲ ಬೀಸಿ ಅವರ ಮುಖಕ್ಕೇ ಬಡಿಯಿತು. ಅವರ ಮೂಗಿನಿಂದ ರಕ್ತ ಸುರಿಯಿತು. ಅವರು ನಗುತ್ತಿದ್ದರು.

ಮೀನನ್ನು ಕಡಿಯಲೆಂದು ತಂದ ಕತ್ತಿ ದಡದಲ್ಲಿತ್ತು. ಅದನ್ನು ಎತ್ತಿಕೊಂಡು ನೀರಿಗೆ ಇಳಿದೆ.

"ದಾರ ಮುಟ್ಬೇಡ! ನಿನ್ನ ಕಡ್ದ್ ಹಾಕಿನೆ ನಾನ್!"

ಅಷ್ಟು ಹೇಳುವಷ್ಟರಲ್ಲಿ ಬಾಯಿಗೆ ನೀರು ತುಂಬಿತು, ತಲೆ ಮುಳುಗಿತು. ನಾನು ದಾರಕ್ಕೆ ಕತ್ತಿ ಬೀಸಿದೆ.

ಕೆಮ್ಮುತ್ತ, ಕಾರುತ್ತ ದಡದಲ್ಲಿ ಬಿದ್ದಿದ್ದವರು ಉಸಿರು ಬಂದ ಕೂಡಲೇ ಕಾಲೆತ್ತಿ ನನ್ನ ಹೊಟ್ಟೆಗೆ ಒದ್ದರು. ಅದೇ ಕೊನೆ. ಬೈಗುಳ ಕೂಡ ಇಲ್ಲ. ಆಮೇಲೆ ನಾನು ಅಂಗಡಿಗೆ ಹೋದರೆ ಒಳಗೆ ಎದ್ದು ಹೋಗುತ್ತಿದ್ದರು, ಮಾಂಸವನ್ನು ಆಳು ತೂಗಿ ಕೊಡುತ್ತಿದ್ದ. ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತರೆ ಹಿತ್ತಲಿಗೆ ನಡೆಯುತ್ತಿದ್ದರು. ನಾನು ಪ್ರತಿ ಭಾನುವಾರವೂ ಹೋದೆ...

ಹೋದ ಆಷಾಢದಲ್ಲಿ, ಕಕ್ಕಡ ತಿಂಗಳ ಮಳೆಯಲ್ಲಿ, ಊಟಕ್ಕೆ ಕೂತಲ್ಲೇ ಅವರ ಎದೆಬಡಿತ ನಿಂತಿತು. ಹೆಣದ ಎಡ ಮಣಿಕಟ್ಟಿನ ಸುತ್ತ ದಾರದ ಕಲೆ ಬಳೆಯಂತೆ ಕಾಣುತ್ತಿತ್ತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅತ್ತೆ ಕಣ್ಣೊರೆಸಿಕೊಂಡು ಜಾಗ ಬಿಟ್ಟರು.

"ಬಾ, ಹತ್ರ ಕೂತ್ಕ. ಇನ್ನ್ ಎದ್ದ್ ಹೋಗ್ದಿಲ್ಲೆ ನಿನ್ನ ಮಾವ."

ಕೂತೆ. ದಾರ ಕಡಿದದ್ದು ಸರಿ ಎಂದೇ ಇವತ್ತಿಗೂ ನನ್ನ ಲೆಕ್ಕ. ಅವರು ಬದುಕಿಕೊಂಡರು. ನನ್ನ ಪಾಲಿಗೆ ಮಾತ್ರ ಅಂದೇ ಹೋಗಿಬಿಟ್ಟರು.