ಕದಲದ ಕಾರಿಗೆ ದಂಡ

ಎಮ್ರಿಸ್ ಪ್ರಾಬರ್ಟನ ಕಾರಿಗೆ ದಂಡ ಬಿತ್ತು ಅಂದರೆ ನಮ್ಮ ಕಣಿವೆಯಲ್ಲಿ ನಗುತ್ತಿದ್ದರೇ ಹೊರತು ಯಾರೂ ನಂಬುತ್ತಿರಲಿಲ್ಲ. ವೇಲ್ಸಿನ ಈ ಇಕ್ಕಟ್ಟು ರಸ್ತೆಗಳಲ್ಲಿ ಜೀವಮಾನವಿಡೀ ಬಸ್ಸು ಓಡಿಸಿದವನು ಅವನು. ಮಂಜು ಮುಸುಕಿ ಉಳಿದ ಚಾಲಕರು ಡಿಪೋದಲ್ಲೇ ಕೈಚೆಲ್ಲಿ ಕೂತ ದಿನವೂ ಗಣಿಯವರನ್ನು ಗಣಿಗೆ ಮುಟ್ಟಿಸಿ ಬಂದವನು. ಚಕ್ರದಡಿ ಒಂದು ಕೋಳಿಯೂ ಸತ್ತದ್ದಿಲ್ಲ. "ಎಮ್ರಿಸ್ ಓಡಿಸ್ತಾನೆ ಅಂದ್ರೆ ಹಾಯಾಗಿ ನಿದ್ದೆ ಮಾಡ್ಬಹುದು" ಎನ್ನುವುದು ಇಲ್ಲಿಯ ಮಾತಾಗಿಹೋಗಿತ್ತು. ಆ ಹೆಸರೇ ಅವನ ಆಸ್ತಿ. ಅದೇ ಅವನ ಕುತ್ತಿಗೆಗೂ ಬಂತು.

ಎದುರು ಮನೆಯ ಹೇಡನ್ ವಾಟ್ಕಿನ್ಸ್ ಅಂಚೆ ಹಂಚುತ್ತಿದ್ದವನು, ಎಮ್ರಿಸ್‌ಗೆ ಶಾಲೆಯ ಕಾಲದ ಗೆಳೆಯ. ಹೇಡನ್‌ಗೆ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾದಾಗ ಎಮ್ರಿಸ್ ಎದೆ ತಟ್ಟಿಕೊಂಡು ಹೇಳಿದ್ದ: "ನಾನು ಬದುಕಿರೋವಾಗ ಆಸ್ಪತ್ರೆ ವ್ಯಾನ್ ಯಾಕಯ್ಯಾ? ಅದು ಊರೆಲ್ಲ ಸುತ್ತಿ, ನೀನು ಸತ್ತ ಮೇಲೆ ಆಸ್ಪತ್ರೆ ಸೇರುತ್ತೆ." ಅಂದಿನಿಂದ ಅವನೇ ಸಾರಥಿ. ಹೋಗುವಾಗ ಇಬ್ಬರಿಗೂ ರಗ್ಬಿಯ ಮೇಲೆ ಜಗಳ. ಬರುವಾಗ ಹೇಡನ್‌ಗೆ ಗೊರಕೆ.

ಎರಡು ವರ್ಷ ಹೀಗೇ ನಡೆಯಿತು. ನವೆಂಬರಿನ ಒಂದು ಸಂಜೆ ಎಮ್ರಿಸ್ ಒಬ್ಬನೇ ಪೇಟೆಯಿಂದ ಬರುತ್ತಿದ್ದ. ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆ ಮಗುವಿನ ಗಾಡಿ ತಳ್ಳಿಕೊಂಡು ಒಬ್ಬಳು ಹೋಗುತ್ತಿದ್ದಳು. ಇವನಿಗೆ ಅವಳು ಕಾಣಲೇ ಇಲ್ಲ. ಅವಳು ಬಾನೆಟ್ ಮೇಲೆ ಗುದ್ದಿ "ಕಣ್ಣು ಕುರುಡಾ ನಿಂಗೆ, ಮುದುಕಾ?" ಎಂದು ಕಿರುಚಿದಾಗಲೇ ಗೊತ್ತಾದದ್ದು. ಕಾರು ನಿಂತಿತ್ತು. ಹೇಗೆ ನಿಂತಿತೋ ದೇವರೇ ಬಲ್ಲ. ಕಣ್ಣಿನ ವೈದ್ಯೆ ಪರೀಕ್ಷಿಸಿ, ನೋಟದ ನಟ್ಟನಡುವಿನ ಭಾಗವೇ ಸವೆದಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದಳು.

ಇಷ್ಟನ್ನು ಗೆಳೆಯನಿಗೆ ಹೇಳಿದ್ದರೆ ಆಗಿಹೋಗುತ್ತಿತ್ತು. ರಸ್ತೆ ದಾಟಿದರೆ ಹೇಡನ್‌ನ ಬಾಗಿಲು. ಆದರೆ ನಾಲಿಗೆ ಏಳಬೇಕಲ್ಲ! ಮೊದಲ ದಿನ "ಗಾಡಿ ಯಾಕೋ ಮಿಸುಕ್ತಾ ಇಲ್ಲ ಕಣೋ" ಎಂದ. ಮುಂದಿನ ಸಲ "ಬೆನ್ನು ಹಿಡ್ಕೊಂಡಿದೆ" ಎಂದ. ಆಮೇಲೆ ಹೇಡನ್ ಬಾಗಿಲು ತಟ್ಟಿದರೂ ಸ್ನಾನದ ಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತ. ಕೊನೆಗೆ ಹೇಡನ್ ಆಸ್ಪತ್ರೆ ವ್ಯಾನಿಗೆ ಹೆಸರು ಬರೆಸಿದ.

ವಿಮೆ ಮುಗಿಯಿತು, ಎಮ್ರಿಸ್ ಮತ್ತೆ ಮಾಡಿಸಲಿಲ್ಲ. ನಮ್ಮಲ್ಲಿ ಕಾರು ಮನೆ ಪಕ್ಕದ ಜಾಗದಲ್ಲಿ ತೆಪ್ಪಗೆ ನಿಂತಿದ್ದರೂ ವಿಮೆ ಇರಬೇಕು. ಇಲ್ಲವೇ 'ಇದನ್ನು ರಸ್ತೆಗೆ ಇಳಿಸುವುದಿಲ್ಲ' ಎಂದು ಸರ್ಕಾರಕ್ಕೆ ತಿಳಿಸಬೇಕು. ಬಸ್ಸಿನವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಒಂದು ಫೋನಿನ ಕೆಲಸ. ಎಷ್ಟೋ ಸಲ ಫೋನು ಎತ್ತಿದ, ಇಟ್ಟ. 'ನನ್ನ ಕಾರು ಇನ್ನು ಓಡುವುದಿಲ್ಲ' ಎನ್ನುವುದನ್ನು ಮುಖ ಕಾಣದ ಗುಮಾಸ್ತನಿಗೆ ಹೇಳುವುದಕ್ಕೂ ಅವನಿಗೆ ನಾಚಿಕೆ. ಅದರ ಬದಲು ಏನು ಮಾಡಿದ ಗೊತ್ತೇ ಈ ಪುಣ್ಯಾತ್ಮ? ಭಾನುವಾರ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿಸಿ ಬಂದವನೇ ಬಕೆಟ್ ಹಿಡಿದು, ಬೀದಿಯ ಕಣ್ಣೆದುರೇ, ಆ ಕಾರನ್ನು ತಿಕ್ಕಿ ತಿಕ್ಕಿ ತೊಳೆದ. ಪ್ರತಿ ಭಾನುವಾರ!

ಫೆಬ್ರವರಿಯಲ್ಲಿ ಹೇಡನ್ ತೀರಿಕೊಂಡ. ಶವಪೆಟ್ಟಿಗೆಗೆ ಹೆಗಲು ಕೊಡಬೇಕಾದ ಎಮ್ರಿಸ್ ಚಾಪೆಲ್‌ನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಏಪ್ರಿಲ್‌ನಲ್ಲಿ ದಂಡದ ಕಾಗದ ಬಂತು. ನೂರು ಪೌಂಡು. ಭೂತಗನ್ನಡಿ ಹಿಡಿದು ಓದಿದ ಎಮ್ರಿಸ್‌ಗೆ ಮೈಯೆಲ್ಲ ಉರಿಯಿತು. ವಿಮೆಯಿಲ್ಲದೆ ಕದ್ದು ಓಡಿಸುವ ಪೋಕರಿ ಎಂದು ಕರೆದ ಹಾಗಾಯಿತು ಅವನಿಗೆ. ದಂಡ ಹಾಕಿದ ಕಚೇರಿಗೆ ಫೋನು ಮಾಡಿ ಕೂಗಾಡಿದ: "ಚಕ್ರ ಒಂದು ಸುತ್ತು ತಿರುಗಿಲ್ಲ ಕಣಮ್ಮಾ!" ಆ ಕಡೆಯ ಹುಡುಗಿ ಶಾಂತವಾಗಿ, "ಓಡಿಸದೆ ಇದ್ರೂ ದಂಡ ಇದ್ದೇ ಇದೆ ಸರ್. ಆದ್ರೂ ನೋಡಿದೋರು ಯಾರಾದ್ರೂ ಬರೆದುಕೊಟ್ರೆ ಕಳಿಸಿ, ಮೇಲಿನೋರಿಗೆ ತೋರಿಸ್ತೀನಿ" ಎಂದಳು. ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಹೆಸರಿಗೆ ಮಸಿ ಬಿದ್ದಿತ್ತಲ್ಲ!

ಅವನ ಕಾರು ಹಗಲಿಡೀ ನೇರ ಕಣ್ಣಿಗೆ ಬೀಳುವ ಕಿಟಕಿ ಬೀದಿಯಲ್ಲಿ ಒಂದೇ ಇತ್ತು, ಎದುರು ಮನೆಯದು.

ಹೇಡನ್‌ನ ಹೆಂಡತಿ ನೆಸ್ಟಾ ಅವನನ್ನು ಕೂರಿಸಿ ಟೀ ಕೊಟ್ಟಳು. ಬಿಸ್ಕತ್ತಿನ ಡಬ್ಬಿ ತೆಗೆಯಲಿಲ್ಲ. ಆ ಮನೆಯಲ್ಲಿ ಅವನಿಗೆ ಡಬ್ಬಿ ತೆಗೆಯದ ದಿನ ಹಿಂದೆ ಇರಲಿಲ್ಲ. ಎಮ್ರಿಸ್ ತೊದಲುತ್ತ ವಿಷಯ ಹೇಳಿದ.

"ಬರೆದುಕೊಡ್ತೀನಿ. ಬೈಬಲ್ ಮೇಲೆ ಕೈಯಿಟ್ಟು ಬೇಕಾದ್ರೂ ಹೇಳ್ತೀನಿ" ಎಂದಳು ನೆಸ್ಟಾ. "ಆ ಕಾರು ಕದಲಿಲ್ಲ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಳಿಗಾಲ ಪೂರ್ತಿ ನಾವಿಬ್ರೂ ಅದನ್ನೇ ನೋಡ್ತಾ ಕೂತಿದ್ವಲ್ಲ."

ಕುಳಿತಲ್ಲೇ ಬರೆದಳು. ಕೈಗೆ ಕೊಟ್ಟಳು. ಎಮ್ರಿಸ್ ಹಾಳೆಯನ್ನು ಮುಖದ ಹತ್ತಿರ ತಂದ, ಓರೆ ಮಾಡಿದ, ಬೆಳಕಿಗೆ ಹಿಡಿದ.

"ಏನು, ನನ್ನ ಅಕ್ಷರ ಅಷ್ಟು ಕೆಟ್ಟದಾಗಿದ್ಯಾ?"

"ಕಾಣಲ್ಲ ನೆಸ್ಟಾ" ಎಂದ. "ಕಣ್ಣು ಹೋಗಿದೆ. ನವೆಂಬರಿಂದ. ಒಂದು ಮಗೂನ ಕೊಂದೇ ಬಿಡ್ತಿದ್ದೆ. ಅದಕ್ಕೇ ಬಿಟ್ಟೆ. ಹೇಳೋಕೆ... ನಾಚಿಕೆ ಆಯ್ತು."

ನೆಸ್ಟಾ ಎದ್ದು ನಿಂತೇಬಿಟ್ಟಳು.

"ಕಣ್ಣಾ? ಬರೀ ಕಣ್ಣಾ? ಅಯ್ಯೋ ಪಾಪೀ! 'ನಾನೇನು ಅಂದೆ ಅವನಿಗೆ?' ಅಂತ ಕೇಳಿ ಕೇಳಿ ನನ್ನ ತಲೆ ತಿಂದ ಕಣೋ ಹೇಡನ್. 'ರಗ್ಬಿ ವಿಷಯಕ್ಕೆ ಜಾಸ್ತಿ ರೇಗಿಸಿಬಿಟ್ನಾ? ನೆಸ್ಟಾ, ಗಾಡಿ ಅಲ್ಲೇ ಇದೆ, ತೊಳೀತಾ ಇದಾನೆ, ಗಟ್ಟಿಮುಟ್ಟಾಗೇ ಇದಾನೆ, ನನ್ನನ್ನ ಯಾಕೆ ಬಿಟ್ಟ?' ನಾನೇನು ಹೇಳ್ಲಿ? 'ಬಿಡು, ಬೇಜಾರಾಗಿರ್ಬೇಕು, ರೋಗೀನ ಹೊತ್ಕೊಂಡು ಎಷ್ಟು ದಿನ ತಿರುಗ್ತಾನೆ' ಅಂದೆ. ಅದನ್ನೇ ನಂಬ್ಕೊಂಡು ಹೋದ."

ಎಮ್ರಿಸ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಾನು... ಅವನು ನಗ್ತಾನೆ ಅಂದ್ಕೊಂಡೆ."

"ಹೇಳಿದ್ರೆ ನಗ್ತಾನೇ ಇದ್ದ! ಬಿದ್ದು ಬಿದ್ದು ನಗ್ತಾ ಇದ್ದ! ಕುರುಡ, ಮುದುಕ ಅಂತ ಅಡ್ಡಹೆಸರಿಡ್ತಾ ಇದ್ದ. ಆಮೇಲೆ ಇಬ್ರೂ ಆ ವ್ಯಾನಲ್ಲೇ ಕೂತು ಕಿತ್ತಾಡ್ಕೊಂಡು ಹೋಗ್ತಿದ್ರಿ." ಅವಳು ಕಿಟಕಿಯತ್ತ ತಿರುಗಿದಳು. "ಒಬ್ನೇ ಹೋಗಿ ಬಂದ ಕಣೋ ಅವನು."

"ಕ್ಷಮಿಸು ನೆಸ್ಟಾ."

"ನನ್ಹತ್ರ ಕೇಳಿ ಏನು ಬಂತು? ನಿನ್ನ ಮೇಲೆ ಸಿಟ್ಟಿದ್ದೋಳು ನಾನು. ಅವನಿಗೆ ನಿನ್ನ ಮೇಲೆ ಸಿಟ್ಟೇ ಇರ್ಲಿಲ್ಲ. ತಾನೇ ಏನೋ ತಪ್ಪು ಮಾಡಿದೀನಿ ಅಂದ್ಕೊಂಡೇ ಸತ್ತ."