ಬಾರಾ ಖೋಲಿಯ ಓತ್ವ

ಕಳೆದ ತಿಂಗಳು ಪರೀಕ್ಷೆಯ ಡ್ಯೂಟಿಗೆಂದು ಕಮಲಾಪುರಕ್ಕೆ ಹೋಗಿದ್ದೆ. ಬಸ್ಸಿಳಿದು, ರಸ್ತೆ ಬದಿಯ ಕೆಂಪು ಬಾಳೆಹಣ್ಣಿನ ಬುಟ್ಟಿಗಳನ್ನು ದಾಟಿ ಶಾಲೆಯ ಕಡೆ ತಿರುಗುವಾಗ ಸರೇಸು ಕುದಿಯುವ ವಾಸನೆ ಬಂತು. ಮರಕ್ಕೆ ಮರ ಅಂಟಿಸಲು ಹಳೆಯ ಬಡಗಿಗಳು ಚರ್ಮದಿಂದ ಮಾಡಿದ ಈ ಅಂಟನ್ನು ತಗಡಿನ ಡಬ್ಬಿಯಲ್ಲಿಟ್ಟು ಕುದಿಸುತ್ತಿದ್ದರು. ಒಮ್ಮೆ ಮೂಗಿಗೆ ಹತ್ತಿತೆಂದರೆ ಅರ್ಧ ದಿನ ಬಿಡುವುದಿಲ್ಲ. ಈಗೆಲ್ಲ ಡಬ್ಬಿಯ ಬಿಳಿ ಅಂಟು ಬಂದಿರುವಾಗ ಇದನ್ನು ಇನ್ನೂ ಯಾರು ಕುದಿಸುತ್ತಿದ್ದಾರೆ ಎಂದು ಮೊದಲು ಸಂಶಯ ಬಂತು. ನನಗೆ ಯಾವುದರಲ್ಲಾದರೂ ಮೊದಲು ಬರುವುದು ಅದೇ.

ನಮ್ಮದು ಸಂಶಯದ ಮನೆತನ. ಯಾರಾದರೂ ಬಂದು ಹೋದರೆ ಅಜ್ಜಿ ಬಾಗಿಲಲ್ಲಿಯ ಚಪ್ಪಲಿ ಎಣಿಸುತ್ತಿದ್ದಳು. ಕಾಕಾ ಕಲಬುರಗಿಯ ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿಯ ದಲ್ಲಾಳಿ. ಒಂದು ಮುಷ್ಟಿ ಕಾಳು ಮೂಸಿ, ಇದರಲ್ಲಿ ಹೋದ ವರ್ಷದ ಮಾಲು ಬೆರೆಸಿದ್ದಾರೆ ಎನ್ನುತ್ತಿದ್ದ. ಆ ಮೂಗನ್ನು ಅವನು ಮನುಷ್ಯರ ಮೇಲೂ ನಡೆಸುತ್ತಿದ್ದ. ನಾನು ಈಗಲೂ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಅರ್ಧ ದಾರಿಗೆ ಹೋಗಿ ತಿರುಗಿ ಬಂದು ನಾಲ್ಕನೇ ಸಲ ಜಗ್ಗಿದ್ದೂ ಉಂಟು.

ಗಂಜಿನ ಹಿಂದಿನ ಓಣಿಯಲ್ಲಿ ನಮ್ಮ ಮನೆಯ ಎದುರಿಗೇ ಒಬ್ಬ ಚಾಚಾನ ಫೋಟೋ ಫ್ರೇಮಿನ ಅಂಗಡಿ ಇತ್ತು. ನಮ್ಮ ಓಣಿಯ ಅರ್ಧ ದೇವರು, ತೀರಿಹೋದ ಹಿರಿಯರೆಲ್ಲ, ಅವರ ಕೈಯಿಂದಲೇ ಗೋಡೆ ಏರಿದ್ದರು. ಹೆಂಡತಿ ಮಕ್ಕಳು ಕಮಲಾಪುರದಲ್ಲಿದ್ದರು. ಚಾಚಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದು, ಶುಕ್ರವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು. ಬರುವಾಗ ಕೆಂಪು ಬಾಳೆಹಣ್ಣು ತರುತ್ತಿದ್ದರು. ನಮ್ಮ ಅಜ್ಜಿ ಅದನ್ನು ಇಸಿದುಕೊಂಡು, ಯಾಕೆ ಕೊಟ್ಟಿರಬಹುದು ಎಂದು ಯೋಚಿಸುತ್ತ ತಿನ್ನುತ್ತಿದ್ದಳು.

ನಾನು ಆರನೇ ಇಯತ್ತೆಯಲ್ಲಿದ್ದಾಗ ಊರಿನ ಕೇಬಲ್‌ನವರು ಮಕ್ಕಳಿಗಾಗಿ ಒಂದು ಗೊಂಬೆಯ ಕಾರ್ಯಕ್ರಮ ಶುರುಮಾಡಿದರು. ಅದರಲ್ಲಿ ಒಂದು ಅಪಾರ್ಟ್‌ಮೆಂಟ್. ನಾಲ್ಕು ಅಂತಸ್ತು, ಅಂತಸ್ತಿಗೆ ಮೂರು ಮನೆ, ಮನೆಗೊಂದು ಕಿಟಕಿ. ಹೆಸರು ಬಾರಾ ಖೋಲಿ, ಅಂದರೆ ಹನ್ನೆರಡು ಕೋಣೆ. ಆ ಕಾಲಕ್ಕೆ ನಮ್ಮ ಓಣಿಯ ಯಾರೂ ಅಪಾರ್ಟ್‌ಮೆಂಟಿನಲ್ಲಿ ಕಾಲಿಟ್ಟವರಲ್ಲ. ರವಿವಾರ ಬೆಳಿಗ್ಗೆ ಟೀವಿಯಲ್ಲಿ ಆ ಕಿಟಕಿಗಳು ಒಂದೊಂದಾಗಿ ಹೊತ್ತಿಕೊಂಡು, ಗೊಂಬೆಗಳು ಹೊರಗೆ ಇಣುಕಿ ಒಬ್ಬರಿಗೊಬ್ಬರು ಸಕ್ಕರೆ ಕೇಳುವಾಗ ನಾವು ಬಾಯಿ ತೆರೆದು ನೋಡುತ್ತಿದ್ದೆವು. ಎದೆಯೆತ್ತರದ ಆ ಕಟ್ಟಡವನ್ನು ಪ್ಲೈವುಡ್ಡಿನಲ್ಲಿ ಕಟ್ಟಿ, ಒಳಗೆ ಸಣ್ಣ ಬಲ್ಬು ಕೂಡಿಸಿ, ಹಿಂದೆ ಕುಳಿತು ಸ್ವಿಚ್ಚು ಒತ್ತುತ್ತಿದ್ದವರು ನಮ್ಮ ಚಾಚಾ.

ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಕೇಬಲ್‌ನವರು ಯಾವ ಕಿಟಕಿ ಯಾವಾಗ ಎಂದು ಕನ್ನಡದಲ್ಲಿ ಬರೆದು ಕೊಡುತ್ತಿದ್ದರಿಂದ ಕನ್ನಡ ಕಲಿಯಬೇಕಾಯಿತು. ಕಲಿಸಿದವಳು ನಾನು. ಶಾಲೆ ಬಿಟ್ಟ ಮೇಲೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕಾಗುಣಿತದ ಬಳ್ಳಿ ಹೇಳಿಸುತ್ತಿದ್ದೆ... ಕಕ್ಕೆ ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ. ಐವತ್ತು ದಾಟಿದ ಮನುಷ್ಯ ನನ್ನನ್ನು ಟೀಚರ್ ಎಂದು ಕರೆಯುತ್ತಿದ್ದರು, ತಮಾಷೆಗಲ್ಲ. ಎಲ್ಲ ಬಂತು, ಓತ್ವ ಮಾತ್ರ ಬರಲಿಲ್ಲ. ಓತ್ವ ಕೊಡಬೇಕಾದಲ್ಲೆಲ್ಲ ಬರಿ ಇಳಿ ಎಳೆದು ಬಿಡುತ್ತಿದ್ದರು. ಅವರು ಬರೆದ ಕೋಳಿ ಕಾಳಿಯಾಗುತ್ತಿತ್ತು, ಜೋಳ ಜಾಳವಾಗುತ್ತಿತ್ತು. ನಾನು ನಕ್ಕರೆ ತಾವೂ ನಗುತ್ತಿದ್ದರು. ಮರುದಿನ ಮತ್ತೆ ಕಾಳಿಯೇ.

ಕಿಟಕಿಗಳು ಖರೆ ಮನೆಗಳ ಹಾಗೆ ಹೊತ್ತಿ ಆರಬೇಕೆಂದು ಅವರಿಗೆ ಹಟ. ಒಂದು ಸಣ್ಣ ನೋಟುಬುಕ್ಕು ಹಿಡಿದು ಸಂಜೆ ಅಂಗಡಿಯ ಮುಂದೆ ಕುಳಿತು ಓಣಿಯನ್ನು ನೋಡುತ್ತ ಏನೋ ಬರೆಯುತ್ತಿದ್ದರು. ಒಂದು ರವಿವಾರ ಬಾರಾ ಖೋಲಿಯ ಮೂರನೇ ಕಿಟಕಿಯಲ್ಲಿ ಅಜ್ಜಿ ಗೊಂಬೆ ಬಂದು, ಇವತ್ತು ಸೋಮವಾರ, ಶರಣಬಸಪ್ಪನ ಗುಡಿಗೆ ಹೊಂಟೀನಿ ಅಂದಿತು. ದೀಪ ಆರಿತು. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿ ಸೋಮವಾರ ಸಂಜೆ ಆರಕ್ಕೆ ನಮ್ಮ ಮನೆಯ ದೀಪ ಆರಿಸಿ, ಅಜ್ಜಿ, ಅವ್ವ, ನಾನು ಗುಡಿಗೆ ಹೋಗುತ್ತಿದ್ದೆವು. ಅವತ್ತಿನಿಂದ ನನ್ನ ಶಿಷ್ಯನ ಮೇಲೆ ನನ್ನದೇ ಒಂದು ಕಣ್ಣು ಬಿತ್ತು. ನಮ್ಮನ್ನು ಇಷ್ಟು ಯಾಕೆ ನೋಡುತ್ತಾರೆ? ಬಾಳೆಹಣ್ಣು ಕೊಡುವುದಾದರೂ ಯಾಕೆ?

ಅದಾಗಿ ಎರಡು ವಾರಕ್ಕೆ, ಒಂದು ಸೋಮವಾರ ಗುಡಿಯಿಂದ ಬಂದು ನೋಡಿದರೆ ದೇವರ ಜಗಲಿಯ ಮೇಲೆ ಅಜ್ಜನ ಕರಡಿಗೆ ಇರಲಿಲ್ಲ. ಅಜ್ಜ ಬದುಕಿರುವ ತನಕ ಲಿಂಗವಿಟ್ಟು ಕೊರಳಲ್ಲಿ ಧರಿಸಿದ ಬೆಳ್ಳಿಯ ಕರಡಿಗೆ ಅದು. ಅಜ್ಜಿ ದಿನಾ ಅದಕ್ಕೆ ವಿಭೂತಿ ಹಚ್ಚಿ ಮಾತಾಡಿಸುತ್ತಿದ್ದಳು. ಅವತ್ತು ಕಂಬಕ್ಕೆ ತಲೆ ಆನಿಸಿ ಕುಳಿತವಳು ನೀರೂ ಮುಟ್ಟಲಿಲ್ಲ. ಬೀಗ ಒಡೆದಿರಲಿಲ್ಲ. ಯಾರೋ ಗೊತ್ತಿದ್ದವರದೇ ಕೆಲಸ ಎಂದು ಕಾಕಾ ಮೂಗೇರಿಸಿದ.

ನೋಟುಬುಕ್ಕು ನನ್ನ ಪಾಟಿಚೀಲದಲ್ಲೇ ಇತ್ತು. ತಪ್ಪಿದ್ದರೆ ತಿದ್ದು ಎಂದು ಚಾಚಾ ತಾವೇ ಕೊಟ್ಟಿದ್ದರು, ನಾನಿನ್ನೂ ತೆರೆದಿರಲಿಲ್ಲ. ಕಾಕಾನ ಕೈಗೆ ಒಯ್ದು ಕೊಟ್ಟೆ. ಯಾರೂ ಕೇಳಿರಲಿಲ್ಲ. ಕಾಕಾ ಓಣಿಯ ನಾಲ್ಕು ಜನರ ಮುಂದೆ ದೊಡ್ಡ ದನಿಯಲ್ಲಿ ಓದಿದ. ಮೂರು ಖಾಲಿ, ಸಾಮವಾರ, ಆರರಿಂದ ಏಳು, ದೀಪ ಇಲ್ಲ. ಸಾಮವಾರ ಎಂದು ಬರೆದಿದ್ದಕ್ಕೆ ಎಲ್ಲರೂ ನಕ್ಕರು, ಸೋಮವಾರ ಎಂದು ಕಾಕಾ ತಿದ್ದಿಯೂ ಓದಿದ. ಅದೇ ಸಾಲಿನ ಇನ್ನೊಂದು ಶಬ್ದವನ್ನು ಯಾರೂ ತಿದ್ದಲಿಲ್ಲ. ಪುಟ ತಿರುವಿದರೆ ಒಂದು ಖಾಲಿ, ಎರಡು ಖಾಲಿ, ಹೀಗೆ ಹನ್ನೆರಡು. ಓಣಿಯ ಮನೆಗಳು ಖಾಲಿಯಿರುವ ಹೊತ್ತೆಲ್ಲ ಬರೆದಿಟ್ಟಿದ್ದಾನೆ ಎಂದು ಹೆಂಗಸರು ಎದೆಗೆ ಕೈ ಹಚ್ಚಿಕೊಂಡರು. ಎರಡನೇ ಪುಟದಲ್ಲಿ ಎರಡು ಖಾಲಿ, ಏಳಕ್ಕೆ ದೀಪ ಹತ್ತಬೇಕು ಎಂದಿತ್ತು. ಖಾಲಿ ಮನೆಯಲ್ಲಿ ದೀಪ ಯಾರು ಹಚ್ಚುತ್ತಾರೆ ಎಂದು ಒಬ್ಬರಾದರೂ ಕೇಳಲಿಲ್ಲ.

ನನಗೆ ಮಾತ್ರ ಅಷ್ಟರಲ್ಲೇ ತಿಳಿದಿತ್ತು. ಓತ್ವ ಬಿಟ್ಟುಹೋಗಿದೆ, ಅದು ಖೋಲಿ. ಆದರೆ ಕಾಕಾನ ಕೈ ನನ್ನ ತಲೆಯ ಮೇಲಿತ್ತು. ಹುಡುಗಿ ಶಾಣ್ಯಾಕಿ, ಇವಳಿಂದಲೇ ಸಿಕ್ಕಿತು ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಸುಲಭಕ್ಕೆ ಹೊಗಳಿದವರಲ್ಲ.

ಚಾಚಾ ಅಂಗಡಿಯಿಂದ ಕೈಯ ಸರೇಸು ಒರೆಸಿಕೊಳ್ಳುತ್ತ ಬಂದರು. ನೋಟುಬುಕ್ಕು ಮುಂದೆ ಹಿಡಿದಾಗ ಅವರಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ, "ಖೋಲಿ ಬರದೀನ್ರಿ ಸಾಹುಕಾರ, ಖೋಲಿ. ಕಿಟಕಿದು ಲೆಕ್ಕ ಅದು," ಅಂದರು. ನಮಗೂ ಓದಲು ಬರುತ್ತದೆ ಎಂದ ಕಾಕಾ. ಆಗ ಚಾಚಾ ನನ್ನ ಕಡೆ ತಿರುಗಿದರು. ಮುಖದಲ್ಲಿ ಭಯ ಇರಲಿಲ್ಲ, ಈಗ ಬಿಡುಗಡೆಯಾಯಿತು ಎನ್ನುವ ಹಾಗಿತ್ತು.

"ಬೇಟಿ, ನೀ ಹೇಳು. ನೀ ಟೀಚರ್ ಇದ್ದಿ. ಇದೇನದ?"

"ಖಾಲಿ," ಅಂದೆ ನಾನು.

ಅವರು ಕೈ ಒರೆಸಿಕೊಳ್ಳುತ್ತ ಅಂಗಡಿಗೆ ತಿರುಗಿ ಹೋದರು. ಪೊಲೀಸರ ತನಕ ಏನೂ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಓಣಿಯವರು ಫ್ರೇಮಿಗೆ ಕೊಟ್ಟಿದ್ದ ಫೋಟೋಗಳನ್ನು ಹಾಗೇ ವಾಪಸು ಒಯ್ದರು. ಮಕ್ಕಳನ್ನು ಆ ಕಟ್ಟೆ ಹತ್ತಗೊಡಲಿಲ್ಲ. ಅಂಗಡಿಯ ಮಾಲೀಕರು ಜಾಗ ಬೇಕಾಗಿದೆ ಎಂದರು. ಅಮಾವಾಸ್ಯೆಯ ಒಳಗೆ ಒಂದು ಟೆಂಪೊ ಬಂತು. ಬಾರಾ ಖೋಲಿಯನ್ನು ಚಾದರದಲ್ಲಿ ಸುತ್ತಿ, ನಿಲ್ಲಿಸಿ ಕಟ್ಟಿ, ತಾವು ಅದನ್ನು ಹಿಡಿದುಕೊಂಡು ಹಿಂದೆಯೇ ಕುಳಿತರು. ನಾನು ಕಿಟಕಿಯ ಪರದೆಯ ಸಂದಿಯಿಂದ ನೋಡಿದೆ... ಅವರು ನಮ್ಮ ಮನೆಯ ಕಡೆ ನೋಡಿದರೋ ಇಲ್ಲವೋ ನೆನಪಾಗುವುದಿಲ್ಲ. ನೋಡಲಿಲ್ಲ ಎಂದೇ ಇಟ್ಟುಕೊಂಡಿದ್ದೇನೆ. ಮುಂದಿನ ರವಿವಾರ ಆ ಹೊತ್ತಿಗೆ ಟೀವಿಯಲ್ಲಿ ಅಡುಗೆ ತೋರಿಸಿದರು.

ಎಳ್ಳಮಾಸಿ ಹಬ್ಬಕ್ಕೆ ಅಡುಗೆ ಹೂಡುವಾಗ ಅವ್ವ ತೊಗರಿಬೇಳೆಯ ದೊಡ್ಡ ಡಬ್ಬಿಯಲ್ಲಿ ಕೈ ಹಾಕಿದಳು. ತಳದಲ್ಲಿ ಕರಡಿಗೆ ಇತ್ತು. ಓಣಿಯಲ್ಲಿ ಯಾರನ್ನೂ ನಂಬುವಂತಿಲ್ಲ ಎಂದು ಆ ಸೋಮವಾರ ಗುಡಿಗೆ ಹೊರಡುವ ಮುಂಚೆ ಅಜ್ಜಿಯೇ ಅದನ್ನು ಬೇಳೆಯಲ್ಲಿ ಹೂತಿಟ್ಟು, ಇಟ್ಟಿದ್ದನ್ನೇ ಮರೆತಿದ್ದಳು. ಅವ್ವ ಅದನ್ನು ಸೆರಗಿನಿಂದ ಒರೆಸಿ ಜಗಲಿಯ ಮೇಲೆ ಇಟ್ಟಳು. ಕಾಕಾ ಅದನ್ನು ನೋಡಿದ, ನನ್ನನ್ನು ನೋಡಿದ, ಉಂಡು ಗಂಜಿಗೆ ಹೋದ. ಈ ಮಾತು ಹೊರಗೆ ಬೀಳಬಾರದು ಎಂದಳು ಅಜ್ಜಿ. ಕಮಲಾಪುರ ನಮ್ಮಿಂದ ಒಂದು ತಾಸಿನ ದಾರಿಯೂ ಅಲ್ಲ. ನಾವು ಯಾರೂ ಹೋಗಲಿಲ್ಲ. ಮುಂದೆ ನಾನು ಕನ್ನಡದ ಟೀಚರೇ ಆದೆ. ಇಪ್ಪತ್ತು ವರ್ಷದಿಂದ ಮಕ್ಕಳ ಓತ್ವ ತಿದ್ದುತ್ತಿದ್ದೇನೆ, ಆಗಲೂ ಹೋಗಲಿಲ್ಲ.

ಪರೀಕ್ಷೆ ಮುಗಿಸಿ ಆ ವಾಸನೆಯ ಬೆನ್ನು ಹತ್ತಿ ಹೋದೆ. ಸಣ್ಣ ಫ್ರೇಮಿನ ಅಂಗಡಿ. ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಸರೇಸಿನ ಡಬ್ಬಿಯಲ್ಲಿ ಕಡ್ಡಿ ಆಡಿಸುತ್ತಿದ್ದಳು. ಗೋಡೆಯ ಮೇಲೆ ಚಾಚಾ, ತಮ್ಮದೇ ಅಳತೆಯ ಫ್ರೇಮಿನಲ್ಲಿ. ಮೂಲೆಯಲ್ಲಿ ಬಾರಾ ಖೋಲಿ ನಿಂತಿತ್ತು, ಬಣ್ಣ ಅಲ್ಲಲ್ಲಿ ಎದ್ದಿತ್ತು. ಅದು ಎದೆಯೆತ್ತರ ಅಲ್ಲ, ನನ್ನ ಸೊಂಟದಷ್ಟಿತ್ತು.

ನನ್ನ ನೋಟ ನೋಡಿ ಆಕೆ ಸ್ವಿಚ್ಚು ಹಾಕಿದಳು. ಒಂದೆರಡು ಬಿಟ್ಟು ಎಲ್ಲ ಕಿಟಕಿಗಳೂ ಹೊತ್ತಿದವು. ಅಪ್ಪ ಮಾಡಿದ್ದು, ಮಾರುವುದಿಲ್ಲ ಎಂದಳು. ಅವರು ಹೋಗಿ ನಾಲ್ಕು ವರ್ಷವಾಯಿತಂತೆ. ನಾನು ಹಿಂಬದಿಗೆ ಬಗ್ಗಿ ನೋಡಿದೆ. ಸ್ವಿಚ್ಚುಗಳ ಕೆಳಗೆ ಅಂಟಿಸಿದ ಚೀಟಿಗಳು ಹಳದಿಯಾಗಿದ್ದವು. ನೀಲಿ ಶಾಯಿಯಲ್ಲಿ ಒಂದು ಖಾಲಿ, ಎರಡು ಖಾಲಿ, ಮೂರು ಖಾಲಿ... ಪ್ರತಿಯೊಂದರಲ್ಲಿಯೂ ಖಾಲಿಯ ಇಳಿಯನ್ನು ಹೊಡೆದುಹಾಕಿ, ಕೆಂಪು ಪೆನ್ನಿನಿಂದ ಓತ್ವ, ಅದಕ್ಕೊಂದು ದೀರ್ಘ. ನಡುಗುವ ಕೈಯದಾದರೂ ಹನ್ನೆರಡರಲ್ಲಿ ಒಂದೂ ತಪ್ಪಿರಲಿಲ್ಲ.

ಇಷ್ಟು ಹೊತ್ತು ಏನು ನೋಡುತ್ತಿದ್ದೇನೆ ಎಂದು ಆಕೆಗೆ ಸಂಶಯ ಬಂದಿರಬೇಕು. ಅಕ್ಷರ ನೋಡುತ್ತಿದ್ದೇನೆ ಎಂದೆ. ಆಕೆಯ ಮುಖ ಸಡಿಲಾಯಿತು. "ಅಪ್ಪಾಗ ಕಲಬುರ್ಗ್ಯಾಗ ಒಬ್ಬಾಕಿ ಸಣ್ಣ ಟೀಚರ್ ಇದ್ಳಂತ್ರಿ," ಅಂದಳು. "ಇದೊಂದು ಅಕ್ಷರ ಕಲಿಸೋದು ಉಳದಿತ್ತು, ಪಾಪ ಅಕಿಗೂ ಗೊತ್ತಾಗಿದ್ದಿಲ್ಲ, ಅಕಿದೇನ್ ತಪ್ಪಿಲ್ಲ ಅಂತ ಹೋಗೋ ತನಕ ಹೇಳ್ತಿದ್ರು."

ಹ್ಞೂಂ ಎಂದು ಹೊರಟುಬಿಡಬಹುದಿತ್ತು. ಹೊಸ್ತಿಲ ತನಕ ಬಂದೂ ಇದ್ದೆ. ಆದರೆ ಅವರು ನನ್ನ ಮೇಲಿಟ್ಟ ಆ ನಂಬಿಕೆಯನ್ನು ಹೊತ್ತುಕೊಂಡು ಬಸ್ಸು ಹತ್ತಲು ನನ್ನಿಂದ ಆಗಲಿಲ್ಲ.

"ಗೊತ್ತಿತ್ರೀ," ಅಂದೆ. "ನನಗ ಗೊತ್ತಿತ್ತು."

ಆಕೆ ಕಡ್ಡಿ ಆಡಿಸುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನು, ಕೈಯಲ್ಲಿದ್ದ ಪರೀಕ್ಷೆಯ ಕಾಗದದ ಚೀಲವನ್ನು ನೋಡಿದಳು. ಎದ್ದು ಹೋಗಿ ಸ್ವಿಚ್ಚು ಆರಿಸಿದಳು. ನಾನು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ ಆಕೆ ಬಾಗಿಲಿಗೆ ಬಂದು ನಿಂತಿದ್ದಳು, ನಾನು ಓಣಿ ತಿರುಗುವ ತನಕ ನನ್ನನ್ನೇ ನೋಡುತ್ತಿದ್ದಳು, ನಾನು ಏನಾದರೂ ಎತ್ತಿಕೊಂಡು ಹೋಗುತ್ತಿದ್ದೇನೇನೋ ಎನ್ನುವ ಹಾಗೆ.