ಸೋಮವಾರಕ್ಕೆ ನಿಲ್ಲದ ತಾರೀಖು

ಕನಸಿನಾಗ ದೇವರು ಬಂದು ಹೇಳಿದ, ಸತ್ತವರು ಬಾಗಿಲು ಬಡಿದರು ಅಂತ ಯಾರಾದರೂ ಮಾತು ಸುರು ಮಾಡಿದರೆ ಮೊದಲು ನಗುತ್ತಿದ್ದವಳು ನಾನೇ. ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದ ಮೇಲಾಯಿತು, ವಿಜ್ಞಾನ ಕಲಿಸುತ್ತೇನೆ. ಗ್ರಹಣದ ದಿನ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಗ್ರಹಣ ಹಿಡಿದ ಹೊತ್ತಿನಲ್ಲೇ ಎಲ್ಲರಿಗೂ ಮಂಡಾಳು ತಿನ್ನಿಸಿದವಳು. ಮರುದಿನ ನಾಲ್ಕು ಜನ ಹೆತ್ತವರು ಜಗಳಕ್ಕೆ ಬಂದಿದ್ದರು. ಬಂದವರಿಗೂ ಒಂದು ಹಿಡಿ ಕೊಟ್ಟು ಕಳಿಸಿದ್ದೆ.

ಅಂಥವಳು ಈಗ ನಾನೇ ಒಂದು ವಿಚಿತ್ರ ಹೇಳಲು ಕೂತಿದ್ದೇನೆ. ನಗುವವರು ನಗಲಿ, ನನ್ನ ಪಾಲಿನ ನಗು ನಾನು ಎಂದೋ ನಕ್ಕು ಮುಗಿಸಿದ್ದೇನೆ. ಆದರೆ ಇದನ್ನು ಓದಿ "ನೋಡಿದಿರಾ, ಟೀಚರಮ್ಮ ಕಡಿಗೂ ದಾರಿಗೆ ಬಂದಳು" ಅಂತ ಯಾರೂ ಖುಷಿಪಡಬೇಕಾಗಿಲ್ಲ. ನಾನು ಬಂದಿಲ್ಲ, ಬರುವುದೂ ಇಲ್ಲ.

ನನ್ನ ಅಕ್ಕನ ಮನೆ ಸಿಂಧನೂರಿನಲ್ಲಿ. ಅವಳಿಗೆ ಒಬ್ಬಳೇ ಮಗಳು, ಲೀಲಾ. ಲೀಲಾ ಅಲ್ಲಿಯೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಹುಟ್ಟಿದ್ದು ನಮ್ಮ ತವರುಮನೆ ಸಂತೆಕಲ್ಲೂರಿನಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆಗ ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದೆ. ಸುದ್ದಿ ಕೇಳಿ ಸಿಂಧನೂರಿನಿಂದ ಬಂದ ಭಾವ, ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಬರೆದುಕೊಂಡು, ಅದನ್ನೇ ಜಾತಕ ಬರೆಯುವವರಿಗೆ ಕೊಟ್ಟರು. ಸೋಮವಾರ, ಬೆಳಗಿನ ಜಾವ ನಾಲ್ಕು ಗಂಟೆ. ಮೂಲಾ ನಕ್ಷತ್ರ ಅಂತ ಬಂತು.

ಮೂಲಾ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಹುಟ್ಟಿದ ಮನೆಯಲ್ಲಿ ತಂದೆಗೆ ಆಗದು, ಹೋದ ಮನೆಯಲ್ಲಿ ಮಾವನಿಗೆ ಆಗದು. ಲೀಲಾಗೆ ಆರು ವರ್ಷವಿದ್ದಾಗ ಭಾವ ಎದೆನೋವು ಬಂದು ತೀರಿಹೋದರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದ ಮನುಷ್ಯ, ಅದನ್ನು ಯಾರೂ ಎತ್ತಲಿಲ್ಲ. ಮಾತಾಡಿಸಲು ಬಂದ ಹೆಂಗಸರೆಲ್ಲ ಕೂಸಿನ ಮುಖ ನೋಡಿ ಲೊಚಗುಟ್ಟಿದರು. ಕಡೆಗೆ ಅಕ್ಕನೇ ಒಂದು ದಿನ ದುಃಖದಲ್ಲೋ ಸಿಟ್ಟಿನಲ್ಲೋ, "ಹುಟ್ಟಿ ಅಪ್ಪನ್ನ ಉಂಡಿ" ಅಂದುಬಿಟ್ಟಳು. ಒಂದೇ ಸಲ ಅಂದದ್ದು. ಆದರೆ ಲೀಲಾ ಅದನ್ನು ಕೇಳಿದಳು, ಮರೆಯಲಿಲ್ಲ. ತಾಯಿಯೂ ಮಗಳೂ ಅಂದಿನಿಂದ ಒಂದೇ ಮನೆಯಲ್ಲಿ ಬಾಡಿಗೆಯವರಂತೆ ಇದ್ದರು.

ಲೀಲಾಗೆ ಬಂದ ಎರಡು ಸಂಬಂಧ ಮೂಲಾ ಅಂದ ಕೂಡಲೇ ಮುರಿದವು. ಮೂರನೆಯದು ಲಿಂಗಸುಗೂರಿನದು, ನಾಲ್ಕು ವರ್ಷದ ಹಿಂದೆ ಬಂತು. ಬಟ್ಟೆ ಅಂಗಡಿಯವರು, ಹುಡುಗ ಓದಿದವನು. ಯಾರದೋ ಮದುವೆಯಲ್ಲಿ ಲೀಲಾಳನ್ನು ನೋಡಿ ತಾನೇ ಕೇಳಿಸಿದ್ದ. ಎರಡು ತಿಂಗಳು ಫೋನಿನಲ್ಲಿ ಮಾತಾಡಿದ್ದರು. ಹುಡುಗ ಅವಳಿಗೆ ಹಿಡಿಸಿದ್ದ, ಸುಳ್ಳು ಯಾಕೆ ಹೇಳಲಿ, ಆ ಎರಡು ತಿಂಗಳು ಅವಳ ಮುಖವೇ ಬೇರೆಯಾಗಿತ್ತು. ನಕ್ಷತ್ರದ ಮಾತು ಇನ್ನೂ ಎದ್ದಿರಲಿಲ್ಲ. ಭಾನುವಾರ ಹುಡುಗನ ತಂದೆ ತಾಯಿ ಬರುವವರಿದ್ದರು, ಬಂದರೆ ಕೇಳುವುದು ಅದನ್ನೇ. ಶನಿವಾರ ಸಾಲಿ ಬಿಟ್ಟ ಕೂಡಲೇ ನಾನು ಸಿಂಧನೂರಿನ ಬಸ್ ಹತ್ತಿದೆ. ಹೋಗುವಾಗಲೇ ನನ್ನ ತಲೆಯಲ್ಲಿ ಒಂದು ಜಿದ್ದಿತ್ತು. ಹೊರಗಿನವರನ್ನು ಒಪ್ಪಿಸುವುದು ಆಮೇಲೆ, ಮೊದಲು ನಮ್ಮ ಅಕ್ಕನ ತಲೆಯಿಂದ ಮೂಲಾ ಇಳಿಸಬೇಕು.

ಶ್ರಾವಣದ ದಿನಗಳು. ಮಧ್ಯಾಹ್ನ ಮಳೆಯಾಗಿ ಸಂಜೆಗೆ ಹೊಳವಾಗಿತ್ತು. ಏಳೂವರೆ ಹೊತ್ತಿಗೆ ಕರೆಂಟ್ ಹೋಯಿತು. ನಾನು ಅಕ್ಕನನ್ನೂ ಲೀಲಾಳನ್ನೂ ಮಾಳಿಗೆಗೆ ಎಳೆದುಕೊಂಡು ಹೋದೆ. ಮಕ್ಕಳಿಗೆ ತೋರಿಸಲು ಅಂತ ನನ್ನ ಫೋನಿನಲ್ಲಿ ಆಕಾಶ ನೋಡುವ ಒಂದು ಆಪ್ ಇಟ್ಟುಕೊಂಡಿದ್ದೆ. ಫೋನನ್ನು ಯಾವ ಕಡೆ ಹಿಡಿದರೆ ಆ ಕಡೆಯ ಚುಕ್ಕಿಗಳ ಹೆಸರು ಬರುತ್ತದೆ. ಕೆಳಗೆ ತಾರೀಖು, ಗಂಟೆ ಇರುತ್ತದೆ. ಅದನ್ನು ತಿರುಗಿಸಿದರೆ ಹಳೆಯ ಯಾವ ದಿನದ ಆಕಾಶ ಬೇಕೋ ಅದನ್ನೂ ತೋರಿಸುತ್ತದೆ. ಇಂಟರ್ನೆಟ್ ಬೇಕಿಲ್ಲ.

ದಕ್ಷಿಣಕ್ಕೆ, ರೈಸ್ ಮಿಲ್ಲಿನ ಚಿಮಣಿಯ ಮೇಲೆ, ಚುಕ್ಕಿಗಳ ಚೇಳು ಬಾಲ ಎತ್ತಿ ನಿಂತಿತ್ತು. ಆ ಬಾಲದ ತುದಿಯೇ ಮೂಲಾ. ಅಕ್ಕನಿಗೆ ಬೆರಳು ಮಾಡಿ ತೋರಿಸಿದೆ. "ನಿನ್ನ ಮಗಳ ಜೀವ ತಿಂದದ್ದು ಇದ ನೋಡು" ಅಂದೆ. ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ನೋಡಿದಳು. ಇಷ್ಟು ಸಣ್ಣದೇನು ಅಂದಳು. ದಸರೆಯಲ್ಲಿ ಇದೇ ಮೂಲಾ ಬಂದ ದಿನ ಸರಸ್ವತಿ ಪೂಜೆ ಮಾಡುತ್ತೀರಿ, ಹೆಣ್ಣು ಹುಟ್ಟಿದರೆ ಮಾತ್ರ ಅದು ಕೆಟ್ಟದ್ದು ಹೇಗಾಯಿತು ಅಂತ ಕೇಳಿದೆ. ಲೀಲಾ ನೀರಿನ ಟಾಕಿಗೆ ಒರಗಿ ನಿಂತಿದ್ದಳು.

ಇವಳು ಹುಟ್ಟಿದ ದಿನ ಚಂದ್ರ ಆ ಚುಕ್ಕಿಗಳ ಮುಂದೆ ಹಾದುಹೋಗುತ್ತಿದ್ದ, ಪ್ರತಿ ತಿಂಗಳೂ ಹಾದುಹೋಗುತ್ತಾನೆ, ಮೂಲಾ ಅಂದರೆ ಅಷ್ಟೇ. ಅದನ್ನು ಅಕ್ಕ ಕಣ್ಣಾರೆ ನೋಡಲಿ ಅಂತ ಲೀಲಾಳ ತಾರೀಖು ಹಾಕಿದೆ. ಸೋಮವಾರ, ನಾಲ್ಕು ಗಂಟೆ, ಸಂತೆಕಲ್ಲೂರು. ಆ ಹೊತ್ತಿಗೆ ಚಂದ್ರ ಮುಳುಗಿದ್ದರಿಂದ ಫೋನನ್ನು ಕಾಲ ಕೆಳಗೆ ಹಿಡಿಯಬೇಕಾಯಿತು. "ಚಂದ್ರ ನಮ್ಮ ಅಡಿಗಿ ಮನ್ಯಾಗ ಅದಾನೇನಬೇ?" ಅಂತ ಅಕ್ಕ ನಕ್ಕಳು. ನಾನೂ ನಕ್ಕೆ. ಆದರೆ ಚಂದ್ರ ಚೇಳಿನ ಬಾಲದಲ್ಲಿ ಇರಲಿಲ್ಲ. ಅದನ್ನು ದಾಟಿ ಮುಂದೆ ಹೋಗಿದ್ದ. ತಾರೀಖು ನೋಡಿದರೆ ಮಂಗಳವಾರದ್ದಿತ್ತು.

ನನ್ನ ಬೆರಳು ತಾಗಿರಬೇಕು ಅಂದುಕೊಂಡು ಮತ್ತೆ ಸೋಮವಾರ ಹಾಕಿದೆ. ಚಂದ್ರ ಬಾಲಕ್ಕೆ ಬಂದ. ಅಕ್ಕನ ಕಡೆ ತಿರುಗಿಸುವಷ್ಟರಲ್ಲಿ ಮತ್ತೆ ಮಂಗಳವಾರ. ಲೀಲಾ ಇಸಿದುಕೊಂಡು ತಾನು ಹಾಕಿದಳು, ಹಾಗೇ ಆಯಿತು. ಕಡೆಗೆ ನಾನು ತಾರೀಖು ಹಾಕಿ, ಫೋನನ್ನು ಟಾಕಿಯ ಮುಚ್ಚಳದ ಮೇಲೆ ಇಟ್ಟೆ, ಮೂವರೂ ಕೈ ಹಿಂದೆ ಕಟ್ಟಿಕೊಂಡು ನಿಂತೆವು. ನಾನು ಉಸಿರು ಎಣಿಸುತ್ತಿದ್ದೆ. ಐದನೆಯದಕ್ಕೋ ಆರನೆಯದಕ್ಕೋ ಅಂಕಿ ತಾನಾಗಿ ಒಂದು ಮನೆ ಮುಂದೆ ಸರಿಯಿತು. ಯಾರೂ ಮುಟ್ಟಿರಲಿಲ್ಲ. ಇದಕ್ಕೆ ನಾನು ಯಾರ ಮುಂದೆ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ಹೆದರಿದೆನಾ? ಇಲ್ಲ, ಸಿಟ್ಟು ಬಂತು. ಕೆಟ್ಟ ಫೋನು ಅಂದುಕೊಂಡು ನನ್ನ ಹುಟ್ಟಿದ ದಿನ ಹಾಕಿದೆ, ಅಲ್ಲಾಡಲಿಲ್ಲ. ಅಕ್ಕನ ಮದುವೆಯ ದಿನ ಹಾಕಿದೆ, ನಿಂತಿತು. ಲೀಲಾ ಹುಟ್ಟಿದ ವಾರದ ಭಾನುವಾರ ಹಾಕಿದೆ, ಬುಧವಾರ ಹಾಕಿದೆ, ಎರಡೂ ನಿಂತವು. ಫೋನ್ ಬಂದ್ ಮಾಡಿ ಚಾಲೂ ಮಾಡಿದೆ. ಸೋಮವಾರ ಒಂದೇ ನಿಲ್ಲಲಿಲ್ಲ. ಹೋಗುತ್ತಿದ್ದದ್ದೂ ಬೇರೆ ಎಲ್ಲಿಗೂ ಅಲ್ಲ, ಪ್ರತಿ ಸಲವೂ ಮರುದಿನದ ಅದೇ ನಾಲ್ಕು ಗಂಟೆಗೆ.

ಆಗ ಲೀಲಾ ಅಕ್ಕನನ್ನು ಕೇಳಿದಳು. "ಯವ್ವಾ, ನಾ ಹುಟ್ಟಿದ್ದು ಸೋಮವಾರನ ಹೌದಿಲ್ಲೋ?" ಅಕ್ಕನಿಗೆ ರೇಗಿತು. ಹೆತ್ತವಳಿಗೆ ಗೊತ್ತಿರುವುದಿಲ್ಲವೇ, ಸೋಮವಾರವೇ ಅಂದಳು. ಅವತ್ತು ಶಿವನ ಸೋಮವಾರ ಅಂತ ಹಗಲೆಲ್ಲ ಉಪವಾಸವಿದ್ದಳಂತೆ. ಬಸಿರಿಗೆ ಉಪವಾಸ ಬೇಡ ಅಂದರೂ ಕೇಳಿರಲಿಲ್ಲ. ರಾತ್ರಿ ಪೂಜೆ ಮುಗಿಸಿ ಒಂದು ರೊಟ್ಟಿ ತಿಂದು ಮಲಗಿದವಳಿಗೆ ಬ್ಯಾನಿ ಸುರುವಾಗಿ, ಕೋಳಿ ಕೂಗುವುದರೊಳಗೆ ಲೀಲಾ ಹುಟ್ಟಿದ್ದಳು.

ನಾನು ಅಲ್ಲಿಯೇ ಕೂತುಬಿಟ್ಟೆ. ನಮ್ಮ ಮನೆಗಳಲ್ಲಿ ಹೊತ್ತು ಮೂಡುವ ತನಕ ಹಿಂದಿನ ದಿನವೇ. ಬೆಳಗಿನ ಜಾವ ನಾಲ್ಕು ಗಂಟೆಗೆ ಏನಾದರೂ ಅದು ಸೋಮವಾರ ರಾತ್ರಿಯ ಲೆಕ್ಕ. ಸೋಮವಾರ ಹಗಲೆಲ್ಲ ಉಪವಾಸವಿದ್ದು, ಆ ರಾತ್ರಿ ಕಳೆದು ಹೆತ್ತಿದ್ದಾಳೆ ಅಂದರೆ ಕ್ಯಾಲೆಂಡರಿನಲ್ಲಿ ಅದು ಮಂಗಳವಾರ. ಅಕ್ಕ ಸೋಮವಾರ ಅಂದಳು, ಭಾವ ಕ್ಯಾಲೆಂಡರಿನಲ್ಲಿ ಸೋಮವಾರದ ಮನೆ ನೋಡಿ ಬರೆದರು. ಒಂದು ದಿನ ಹಿಂದಾಯಿತು. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಲೀಲಾ ಹುಟ್ಟುವಾಗ ಅವನು ಮೂಲಾ ಬಿಟ್ಟು ಪೂರ್ವಾಷಾಢಕ್ಕೆ ಹೋಗಿದ್ದ. ಅದರ ಮೇಲೆ ನಮ್ಮ ಕಡೆ ಯಾರ ದೂರೂ ಇಲ್ಲ. ಇಷ್ಟು ವರ್ಷ ನಾವು ಯಾರೂ ಇದನ್ನು ಕೇಳಿರಲಿಲ್ಲ. ವಿಜ್ಞಾನ ಕಲಿಸುವ ನಾನೂ ಕೇಳಿರಲಿಲ್ಲ.

ಅಕ್ಕನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಅತ್ತದ್ದನ್ನು ನಾನು ಬರೆಯಲಾರೆ. "ನಿಮ್ಮ ಭಾವ ತಪ್ಪು ಬರದಿದ್ದರು, ಈಗ ಅವರ ಬಂದು ತಿದ್ಯಾರ" ಅಂತ ಫೋನಿಗೆ ಕೈ ಮುಗಿದಳು. ನಾಳೆ ಬರುವವರಿಗೆ ಇದನ್ನೇ ಹೇಳೋಣ, ನನ್ನ ಮಗಳು ಮೂಲಾದವಳಲ್ಲ ಅಂತ ಊರಿಗೆಲ್ಲ ಹೇಳುತ್ತೇನೆ ಅಂದಳು. ನಾನು? ನಾನು ಆಗಲೇ ಒಂದು ಚೀಟಿಯ ಮೇಲೆ ಸರಿ ತಾರೀಖು, ಗಂಟೆ, ನಕ್ಷತ್ರ ಎಲ್ಲ ಚೊಕ್ಕಾಗಿ ಬರೆಯುತ್ತಿದ್ದೆ. ಖರೇ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಕುತ್ತಿಗೆಗೆ ಬಂದದ್ದು ತಪ್ಪಿತು ಅನ್ನಿಸಿತ್ತು.

ಲೀಲಾ ಇಬ್ಬರನ್ನೂ ನೋಡುತ್ತಿದ್ದಳು. ಆಮೇಲೆ ಬಹಳ ಸಾವಕಾಶವಾಗಿ ಅಂದಳು. "ಮಂಗಳವಾರ ಹುಟ್ಟಿದ್ರ ನಾ ಒಳ್ಳೇಕಿ, ಸೋಮವಾರ ಹುಟ್ಟಿದ್ರ ಅಪ್ಪನ್ನ ಕೊಂದಾಕಿ. ಹಂಗೇನು ಯವ್ವಾ? ಇಷ್ಟು ದಿನ ನಾ ನಿನ್ನ ಮಗಳಾಗಿರಲಿಲ್ಲೇನು?" ಲೀಲಾ ನನ್ನ ಕಡೆ ತಿರುಗಿದಳು. "ಚಿಗವ್ವಾ, ಈ ಚೀಟಿ ಅವರಿಗೆ ತೋರಿಸಿದ್ರ, ಮೂಲಾದವರು ಕೆಟ್ಟವರು ಖರೇ, ನಾ ಅಷ್ಟ ಅಲ್ಲ ಅಂದಂಗ. ನಾ ಹಂಗ ಅನ್ನಂಗಿಲ್ಲ." ಆ ಹುಡುಗ ಕೈತಪ್ಪಿ ಹೋಗುತ್ತಾನೆ, ಯೋಚನೆ ಮಾಡು ಅಂದೆ. ಗೊತ್ತು ಅಂದಳು. ಅವಳ ದನಿ ಒಡೆದಿತ್ತು, ಆದರೂ ಅಂದಳು.

ನನ್ನ ಮುಖಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ವರ್ಷಗಟ್ಟಲೆ ಪಾಠ ಹೇಳಿದ್ದು ನಾನು, ಕಲಿತದ್ದು ಅವಳು.

ಮರುದಿನ ಹನ್ನೊಂದಕ್ಕೆ ಅವರು ಬಂದರು. ಹುಡುಗ, ತಂದೆ, ತಾಯಿ. ಜನ ಕೆಟ್ಟವರೇನಲ್ಲ, ಲೀಲಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರೀತಿಯಿಂದಲೇ ಮಾತಾಡಿದರು. ಹುಡುಗನ ತಾಯಿ ನಕ್ಷತ್ರ ಕೇಳಿದಾಗ ಅಕ್ಕ ಉಪ್ಪಿಟ್ಟಿನ ತಟ್ಟೆ ಕೊಡುತ್ತಿದ್ದಳು. ರಾತ್ರಿಯೆಲ್ಲ ಅವಳು ನಿದ್ದೆ ಮಾಡಿರಲಿಲ್ಲ, ಯಾರೊಡನೆಯೂ ಮಾತಾಡಿರಲಿಲ್ಲ. ಚೀಟಿ ಅವಳ ಹತ್ತಿರವೇ ಇತ್ತು. ಪೂರ್ವಾಷಾಢ ಅಂತಾಳೆ, ನಾನು ಬಾಯಿ ಹಾಕಬೇಕಾಗುತ್ತದೆ ಅಂತ ನಾನು ಸೆಟೆದು ಕೂತೆ. ಅಕ್ಕ ತಟ್ಟೆ ಕೈಗೆ ಕೊಟ್ಟು, ನೆಟ್ಟಗೆ ನಿಂತು, "ನನ್ನ ಮಗಳದು ಮೂಲಾ ನಕ್ಷತ್ರರೀ" ಅಂದಳು.

ಹುಡುಗನ ತಂದೆ ತಟ್ಟೆ ಕೆಳಗಿಟ್ಟರು. "ಇದನ್ನ ಮೊದಲ ಹೇಳಬೇಕಿತ್ರೀ" ಅಂದರು. "ಈಗ ಹೇಳೀನಲ್ರೀ. ತಿಂದು ಹೋಗ್ರಿ, ಉಪ್ಪಿಟ್ಟು ಆರತೈತಿ" ಅಂದಳು ಅಕ್ಕ. ಅವರು ತಿನ್ನಲಿಲ್ಲ. ಹುಡುಗ ಬಾಗಿಲಲ್ಲಿ ಒಂದು ಸಲ ನಿಂತು ಹಿಂದಕ್ಕೆ ನೋಡಿದ, ಆಮೇಲೆ ಅವನೂ ಹೋಗಿ ಕಾರಿನಲ್ಲಿ ಕೂತ. ಲೀಲಾ ಒಳಗೆ ಹೋಗಿ ಅತ್ತಳು. ಅಕ್ಕ ಹಿಂದೆಯೇ ಹೋದಳು, ಬಾಗಿಲು ಹಾಕಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಹೊರಗೆ ಬಂದು ಆರಿದ ಉಪ್ಪಿಟ್ಟನ್ನೇ ಉಂಡರು. ಭಾವ ತೀರಿದ ಮೇಲೆ ಅವರಿಬ್ಬರು ಒಟ್ಟಿಗೆ ಕೂತು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಸೋಮವಾರದ ತಾರೀಖನ್ನು ಆಮೇಲೆ ನಾನು ನೂರು ಸಲವಾದರೂ ಹಾಕಿ ನೋಡಿದ್ದೇನೆ. ಅದೇ ಫೋನು, ಅದೇ ಆಪ್, ಅದೇ ಮಾಳಿಗೆ. ಈಗ ನಿಲ್ಲುತ್ತದೆ. ಒಂದು ಸಲವೂ ಸರಿದಿಲ್ಲ. ನಮ್ಮ ಸಾಲಿಯ ಕಂಪ್ಯೂಟರ್ ಮಾಸ್ತರು ಅದು ಆಪಿನ ದೋಷ ಅಂದರು. ದೋಷ ಆ ಒಂದೇ ತಾರೀಖಿಗೆ, ಆ ಒಂದೇ ಸಂಜೆ ಯಾಕೆ ಬಂತು ಅಂತ ಕೇಳಿದರೆ ಹೆಗಲು ಕುಣಿಸಿದರು. ಅಕ್ಕ ಇವತ್ತಿಗೂ ಭಾವ ತಿದ್ದಿದರು ಅಂತಾಳೆ. ನಾನು ಒಪ್ಪುವುದಿಲ್ಲ. ಹಾಗಾದರೆ ಮತ್ತೇನು ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನಲು ನನಗೆ ನಾಚಿಕೆಯೂ ಇಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಕೈ ಮುಗಿಯುವ ರೂಢಿ ಮಾತ್ರ ನನಗಿಲ್ಲ.

ಒಂದು ವೇಳೆ ಅಕ್ಕ ಹೇಳುವುದೇ ಖರೇ ಇದ್ದರೆ, ಭಾವನಿಗೆ ನನ್ನದೊಂದು ಮಾತಿದೆ. ಒಂದು ದಿನ ಆಚೀಚೆ ಮಾಡಲು ಅಷ್ಟು ದೂರದಿಂದ ನೀವು ಬರಬೇಕಾಗಿರಲಿಲ್ಲ. ನಿಮ್ಮ ಮಗಳಿಗೆ ಅದು ಬೇಕಾಗಿರಲಿಲ್ಲ. ಬಂದದ್ದೇ ಆದರೆ, ಮರುದಿನ ಹನ್ನೊಂದರ ತನಕ ನಿಂತು ನಿಮ್ಮ ಹೆಂಡತಿಯನ್ನು ನೋಡಿ ಹೋಗಬೇಕಿತ್ತು.